ರಜೆಯ ಅರವತ್ತನೆಯ ದಿನ

ಹಮ್ಮಣ್ಣ ನಾಯಕನ ತಲೆಯೊಳಗೆ ಎರಡು ಊರುಗಳಿವೆ ಎಂದು ಡಾಕ್ಟರ್ ಇಂದುಮತಿ ಹಾವನೂರ ಹೇಳಿದಾಗ ನಾಗವೇಣಿಗೆ ನಗು ಬಂತು. ಇಷ್ಟನ್ನು ಹೇಳಲು ಅಷ್ಟು ದೊಡ್ಡ ಯಂತ್ರ ಬೇಕಿತ್ತೇ? ಮೂವತ್ತೊಂದು ವರ್ಷ ನೌಕಾಪಡೆಯ ಹಡಗುಗಳ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿದವನ ಹೆಂಡತಿ ಅವಳು. ಅವಳನ್ನು ಕೇಳಿದ್ದರೆ ಮದುವೆಯಾದ ಎರಡನೆಯ ವರ್ಷವೇ, ಯಾವ ಯಂತ್ರದ ಹಂಗೂ ಇಲ್ಲದೆ ಹೇಳಿಬಿಡುತ್ತಿದ್ದಳು.

ಕಾರವಾರದ ಗುಡ್ಡದ ಮೇಲಿನ ಸ್ಮೃತಿ ರಕ್ಷಣಾ ಕೇಂದ್ರದಲ್ಲಿ ಅವರಿಬ್ಬರೂ ಗಾಜಿನ ಗೋಡೆಯ ಈಚೆ ಕೂತಿದ್ದರು. ಆಚೆ ಹಮ್ಮಣ್ಣ ತಲೆಗೆ ಬಿಳಿ ಟೊಪ್ಪಿಗೆ ಹಾಕಿಸಿಕೊಂಡು ಮಲಗಿದ್ದ. ಮೊದಲು ಆ ಕೋಣೆಯೊಳಗೆ ಎಂಜಿನ್ನಿನ ಸದ್ದು ಕೇಳಿಸಿ ಡೀಸೆಲ್ ವಾಸನೆ ಬಿಟ್ಟರು. ಪರದೆಯ ಮೇಲಿನ ಮಿದುಳಿನ ಚಿತ್ರದಲ್ಲಿ ಒಂದು ದೊಡ್ಡ ಹರವು ಬೆಳಗಿತು. ಆಮೇಲೆ ಅದನ್ನೆಲ್ಲ ನಿಲ್ಲಿಸಿ ಮನೆಯ ಸದ್ದು ಹಾಕಿದರು. ಕುಕ್ಕರಿನ ಸೀಟಿ, ಬಚ್ಚಲಿನ ನಲ್ಲಿ, ಮಗಳು ಮೇದಿನಿಯ ಮಾತು, ಜೊತೆಗೆ ಬೆಳ್ಳುಳ್ಳಿ ಒಗ್ಗರಣೆಯ ಘಮ. ದೊಡ್ಡ ಹರವು ಪೂರ್ತಿ ಆರಿಹೋಗಿ, ಮೂಲೆಯಲ್ಲಿ ಅದರ ಮೂರನೆಯ ಒಂದು ಪಾಲಿನಷ್ಟಿದ್ದ ಇನ್ನೊಂದು ಬೆಳಗಿತು.

"ನಗಬ್ಯಾಡ್ರಿ ಬಾಯಾರ," ಎಂದರು ಡಾಕ್ಟರ್. ಧಾರವಾಡದ ಕಡೆಯವರು, ಒಳ್ಳೆಯ ಹೆಂಗಸು, ಆದರೆ ಹೇಳಬೇಕಾದ್ದನ್ನು ಸುತ್ತಿ ಬಳಸಿ ಹೇಳುವ ಜಾಯಮಾನದವರಲ್ಲ. "ನಮ್ಮ ನಿಮ್ಮ ತಲ್ಯಾಗ ನೆನಪೆಲ್ಲಾ ಒಂದಕ್ಕೊಂದು ಹೆಣಕೊಂಡಿರ್ತಾವ. ಇವರ ತಲ್ಯಾಗ ನಡುವ ಬೇಲಿ ಹಾಕಿದಂಗ ಐತಿ. ನೆನಪು ಎಲ್ಲಿ ಹುಟ್ಟತೈತಿ, ಆ ಜಾಗಕ್ಕ ಅಂಟಕೊಂತದ. ಹಡಗಿನಾಗ ಹುಟ್ಟಿದ್ದು ಹಡಗಿಗೆ, ಮನ್ಯಾಗ ಹುಟ್ಟಿದ್ದು ಮನಿಗೆ. ಇಷ್ಟು ಸಾಫ್ ಆಗಿ ಬ್ಯಾರೆ ಆಗಿದ್ದನ್ನ ನಾನು ನೋಡೇ ಇಲ್ಲ."

ಮರೆವಿನ ಕಾಯಿಲೆಗೆ ಹಂದರದ ಚಿಕಿತ್ಸೆ ಬಂದು ಒಂಬತ್ತು ವರ್ಷವಾಗಿತ್ತು. ಬೆಳಗಿದ ಭಾಗದ ನರಗಳ ಸಂದಿಗೆ ಕೂದಲಿಗಿಂತ ಸಾವಿರ ಪಾಲು ಸಣ್ಣ ಎಳೆಗಳನ್ನು ಹಾಯಿಸುತ್ತಾರೆ. ಅವರೆಬಳ್ಳಿಗೆ ಹಂದರ ಕಟ್ಟಿದ ಹಾಗೆ ಆ ಎಳೆಗಳು ನೆನಪನ್ನು ಎತ್ತಿ ಹಿಡಿಯುತ್ತವೆ. ಒಮ್ಮೆ ಹಿಡಿದವೆಂದರೆ ಸಾಯುವ ತನಕ ಆ ನೆನಪು ಕರಗುವುದಿಲ್ಲ. ಹೊಸ ನೆನಪು ಮಾತ್ರ ಇನ್ನು ಅಂಟುವುದಿಲ್ಲ, ಇವತ್ತಿನದು ಇವತ್ತಿನ ನಿದ್ದೆಯ ತನಕ. ಇದೆಲ್ಲ ನಾಗವೇಣಿಗೆ ಕೇಂದ್ರದವರು ಕೊಟ್ಟ ಪುಸ್ತಿಕೆಯಲ್ಲೇ ಇತ್ತು. ಇಲ್ಲದ್ದು ಒಂದೇ ಮಾತು, ಅದನ್ನು ಡಾಕ್ಟರ್ ಈಗ ಹೇಳಿದರು. ಹಂದರ ಕಟ್ಟಿದ ಭಾಗ ಮಿದುಳಿನ ಕಸುವನ್ನೆಲ್ಲ ತಾನೇ ಎಳೆದುಕೊಳ್ಳುತ್ತದೆ. ಬೇರೆಯವರಿಗೆ ಇದರಿಂದ ತೊಂದರೆಯಿಲ್ಲ, ಅವರದು ಒಂದೇ ಹರವು. ಹಮ್ಮಣ್ಣನದು ಎರಡು. ಒಂದಕ್ಕೆ ಕಟ್ಟಿದರೆ ಇನ್ನೊಂದು ಎರಡು ತಿಂಗಳಲ್ಲಿ ಉದುರಿ ಹೋಗುತ್ತದೆ.

"ಎರಡೂ ಉಳಸಾಕ ಆಗೂದಿಲ್ರಿ. ನನ್ನ ಕೇಳಿದ್ರ ದೊಡ್ಡದನ್ನ ಉಳಸ್ರಿ. ಅದು ಇನ್ನೂ ಗಟ್ಟಿ ಐತಿ, ಚಲೋ ಹಿಡೀತೈತಿ."

"ದೊಡ್ಡದು ಅಂದ್ರೆ ಹಡಗು," ಎಂದಳು ನಾಗವೇಣಿ.

"ಹೌದ್ರಿ."

"ಅದ್ರೊಳಗೆ ಎಂತ ಅದೆ ಅಂತ ಓದೂಕೆ ಬರೂದಿಲ್ಲವಾ?"

"ಈಗ ಬರೂದಿಲ್ಲ. ಹಂದರ ಹತ್ತಿದ ಮ್ಯಾಲ ಓದಬಹುದು. ಇಲ್ಲಾ ಕಳಚಿ ಬೀಳೂ ಮುಂದ ಕಿಡಿ ಹಾರ್ತಾವ, ಆಗ ಓದಬಹುದು."

ನಿರ್ಧಾರ ರೋಗಿಯದೇ. ಮೂರು ಬೇರೆ ಬೇರೆ ದಿನ, ತಲೆ ತಿಳಿಯಾಗಿದ್ದಾಗ ಕೇಳಬೇಕು, ಮೂರು ಸಲವೂ ಒಂದೇ ಉತ್ತರ ಬರಬೇಕು. ಒಂದು ಸಲ ತಪ್ಪಿದರೂ ಹಕ್ಕು ಹೆಂಡತಿಗೆ ಹೋಗುತ್ತದೆ. ಬೆಳಗಿನ ಬಿಳಿ ಗುಳಿಗೆ ನುಂಗಿದರೆ ಹಮ್ಮಣ್ಣನಿಗೆ ನಾಲ್ಕು ಗಂಟೆ ತಲೆ ನೆಟ್ಟಗಿರುತ್ತಿತ್ತು. ಅವತ್ತೇ ಡಾಕ್ಟರ್ ಅವನ ಪಕ್ಕ ಕೂತು, ಎರಡರಲ್ಲಿ ಒಂದೇ ಉಳಿಯುತ್ತದೆಂದು ತಿಳಿಸಿ ಹೇಳಿ, ಯಾವುದು ಬೇಕೆಂದು ಕೇಳಿದರು.

ಹಮ್ಮಣ್ಣ ಹೆಂಡತಿಯ ಮುಖ ನೋಡಿದ. ಆಮೇಲೆ ನೆಲ ನೋಡಿದ.

"ಹಡಗು," ಎಂದ.

ಅಂಕೋಲೆಗೆ ಬಸ್ಸಿನಲ್ಲಿ ಬರುವಾಗ ನಾಗವೇಣಿ ಒಂದು ಮಾತೂ ಆಡಲಿಲ್ಲ. ಅವನೂ ಆಡಲಿಲ್ಲ. ಮಾತಾಡದಿರುವುದು ಅವರಿಬ್ಬರಿಗೂ ರೂಢಿಯಾಗಿತ್ತು. ಹಾಸಿಗೆ ಹಿಡಿದ ಅತ್ತೆಯನ್ನು ನೋಡಿಕೊಳ್ಳಲು ಅವಳು ಅಂಕೋಲೆಯಲ್ಲೇ ಉಳಿದಳು, ಅವನು ಮುಂಬಯಿ, ವಿಶಾಖಪಟ್ಟಣ, ಕೊಚ್ಚಿ ಎಂದು ಹಡಗಿನಿಂದ ಹಡಗಿಗೆ ಹೋದ. ವರ್ಷಕ್ಕೆ ಅರವತ್ತು ದಿನ ರಜೆ. ಮದುವೆಯಾದ ಮೇಲಿನ ಇಪ್ಪತ್ತೈದು ವರ್ಷದ ರಜೆಯನ್ನೆಲ್ಲ ಕೂಡಿಸಿದರೆ ನಾಲ್ಕು ವರ್ಷ ಆಗುತ್ತದೆ. ನಾಲ್ಕು ವರ್ಷದ ಸಂಸಾರ. ನಿವೃತ್ತನಾಗಿ ಬಂದ ಮೇಲಾದರೂ ಸಿಕ್ಕಾನು ಅಂದುಕೊಂಡರೆ ಒಂದೇ ವರ್ಷಕ್ಕೆ ಕಾಯಿಲೆ ಶುರುವಾಯಿತು. ಆ ಹಾಳು ಕಾಯಿಲೆ ಹೊಸ ನೆನಪನ್ನೇ ಮೊದಲು ತಿನ್ನುತ್ತದಂತೆ. ನಿವೃತ್ತಿಯ ನಂತರದ್ದನ್ನೆಲ್ಲ ಅದು ತಿಂದು ಕೈತೊಳೆದುಕೊಂಡಾಗಿತ್ತು.

ಸಮುದ್ರವನ್ನು ಅವಳು ಸವತಿ ಎಂದೇ ಕರೆಯುತ್ತಿದ್ದಳು. ಮೊದಮೊದಲು ತಮಾಷೆಗೆ. ಗರ್ಭಕೋಶದ ಆಪರೇಷನ್ ಆದ ವರ್ಷದಿಂದ ಅದು ತಮಾಷೆಯಾಗಿ ಉಳಿಯಲಿಲ್ಲ. ಆಗ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ, ಹಾಸಿಗೆಯಿಂದ ಏಳಲು ಒಬ್ಬರ ಕೈ ಬೇಕಿತ್ತು. ಅರವತ್ತನೆಯ ದಿನ ಬೆಳಿಗ್ಗೆ ಹಮ್ಮಣ್ಣ ಬೂಟು ಹಾಕಿಕೊಂಡು ಚೀಲ ಹೆಗಲಿಗೇರಿಸಿದ. ಹತ್ತು ದಿನ ಹೆಚ್ಚಿಗೆ ಕೇಳಬಾರದಿತ್ತಾ ಎಂದು ಅವಳು ಮಲಗಿದಲ್ಲಿಂದಲೇ ಕೇಳಿದಳು. ಅವನು ಬಾಗಿಲನ್ನು ಮೆಲ್ಲಗೆ ಎಳೆದುಕೊಂಡು ಹೋದ.

ಎರಡನೆಯ ಸಲ ಕೇಳಿದ ದಿನ ಮೇದಿನಿಯೂ ಕುಮಟೆಯಿಂದ ಬಂದಿದ್ದಳು. ಅಲ್ಲಿ ಕಾಲೇಜಿನಲ್ಲಿ ಪಾಠ ಹೇಳುವ ಹುಡುಗಿ, ನ್ಯಾಯವೆಂದರೆ ನ್ಯಾಯ ಎನ್ನುವವಳು. ಆ ದಿನವೂ ಹಮ್ಮಣ್ಣ ಮೊದಲು ಹೆಂಡತಿಯ ಮುಖ ನೋಡಿ, ಆಮೇಲೆ ನೆಲ ನೋಡಿ, "ಹಡಗು" ಎಂದ.

"ಕೇಳ್ದ್ಯಾ?" ಎಂದಳು ನಾಗವೇಣಿ, ಮನೆಗೆ ಬಂದು ಮೀನು ಕೊಯ್ಯುತ್ತ. "ಸಾಯೂ ಕಾಲಕ್ಕೂ ಅದೇ ಬೇಕು ನಿನ್ನ ಅಪ್ಪಂಗೆ. ನಾವಿಬ್ರೂ ಉದುರಿ ಹೋದ್ರೆ ಹೋಗ್ಲಿ."

"ಆಯೀ, ಅಪ್ಪನ ತಲೆ ಅಪ್ಪಂದು. ನಮ್ಗೆ ಬೇಜಾರಾತು ಅಂತ ನಾವು ಕೈ ಹಾಕೂಕೆ ಬರೂದಿಲ್ಲ."

"ಅಂವ ನನ್ನ ಮರ್ತು ಬದ್ಕೂದಾದ್ರೆ ಊಟ ಹಾಕೂದು ಯಾರು? ದಿನಾ ಬೆಳಿಗ್ಗೆ, ನೀ ಯಾರು ಅಂತ ಕೇಳ್ತಾ ಇದ್ರೆ, ಗಂಜಿ ಬಡ್ಸಿ ನಾ ಎಂತ ಹೇಳೂದು? ಕೆಲ್ಸದವಳು ಅಂತ?"

ಮೇದಿನಿ ಕೊಯ್ದ ಮೀನಿಗೆ ನೀರು ಸುರಿದಳು. ಜಗುಲಿಯಲ್ಲಿ ಹಮ್ಮಣ್ಣ ಕೈಯೊಳಗೆ ಪತ್ರಿಕೆ ತಲೆಕೆಳಗಾಗಿ ಹಿಡಿದು ಕೂತಿದ್ದ.

ನಾಗವೇಣಿ ಕೆಟ್ಟವಳಲ್ಲ. ಅತ್ತೆಯ ಮಲಮೂತ್ರ ಹನ್ನೊಂದು ವರ್ಷ ಮುಖ ಸಿಂಡರಿಸದೆ ತೆಗೆದವಳು. ಆದರೆ ಮೂರನೆಯ ಸಲ ಕೇಂದ್ರಕ್ಕೆ ಹೋಗಬೇಕಿದ್ದ ಬೆಳಿಗ್ಗೆ ಅವಳು ಗಂಡನಿಗೆ ದೋಸೆ ಕೊಟ್ಟಳು, ಚಹಾ ಕೊಟ್ಟಳು, ಬಿಳಿ ಗುಳಿಗೆಯನ್ನು ಅಂಗೈಯಲ್ಲಿ ಹಿಡಿದು ಒಂದು ಗಳಿಗೆ ನೋಡಿ ಮತ್ತೆ ಡಬ್ಬಿಗೆ ಹಾಕಿ ಮುಚ್ಚಿದಳು. ಇಪ್ಪತ್ತೈದು ವರ್ಷ ಆ ಸವತಿ ತನ್ನ ಪಾಲನ್ನು ಕೇಳದೆಯೇ ತೆಗೆದುಕೊಂಡಿದ್ದಳು, ಈ ಒಂದು ಸಲ ತಾನು ತೆಗೆದುಕೊಂಡರೆ ಯಾವ ದೇವರೂ ಕೇಳಲಾರ ಎಂದು ಅವಳಿಗೆ ನಿಜವಾಗಿಯೂ ಅನ್ನಿಸಿತ್ತು.

ಕೇಂದ್ರದಲ್ಲಿ ಹಮ್ಮಣ್ಣ ಡಾಕ್ಟರನ್ನು ತನ್ನ ಅಕ್ಕನೆಂದು ತಿಳಿದು ಮಾತಾಡಿಸಿದ. ಹಡಗೋ ಮನೆಯೋ ಎಂದರೆ ತನಗೆ ಹಸಿವಿಲ್ಲ ಎಂದ.

"ಮುಂಜಾನಿ ಗುಳಿಗಿ ಕೊಟ್ಟಿದ್ರಿ?" ಎಂದು ಡಾಕ್ಟರ್ ಕೇಳಿದರು.

"ಕೊಟ್ಟಿದ್ದೆ."

ಡಾಕ್ಟರ್ ಅವಳನ್ನೇ ಸ್ವಲ್ಪ ಹೊತ್ತು ನೋಡಿ, ಕಾಗದ ಮುಂದೆ ಸರಿಸಿದರು. ಮನೆ ಎಂದು ಅಚ್ಚಾಗಿದ್ದ ಚೌಕದೊಳಗೆ ನಾಗವೇಣಿ ಗುರುತು ಹಾಕಿದಳು. ಅವಳ ಅಕ್ಷರ ದುಂಡಗೆ, ಚೆಂದ. ಸಹಿಯನ್ನೂ ಹಾಗೆಯೇ ಮಾಡಿದಳು.

ಮೊದಲ ತಿಂಗಳು ಅವಳು ಗೆದ್ದಳು. ಹಾಗೆಂದು ಯಾರಿಗೂ ಹೇಳಲಿಲ್ಲ, ಆದರೆ ನೆರೆಹೊರೆಗೆಲ್ಲ ಕಾಣುವ ಹಾಗಿತ್ತು ಅವಳ ನಡಿಗೆ. ಹಂದರ ಕಟ್ಟಿ, ಕಿವಿಯ ಹಿಂದೆ ಒಂದು ಸಣ್ಣ ಬಿಲ್ಲೆ ಅಂಟಿಸಿ ಅವನನ್ನು ಮನೆಗೆ ಕಳಿಸಿದ್ದರು. ಹಮ್ಮಣ್ಣ ಅವಳನ್ನು ಹೆಸರು ಹಿಡಿದು ವೇಣಿ ಎಂದು ಕರೆದ. ಮೇದಿನಿ ಬಚ್ಚಲಲ್ಲಿ ಜಾರಿ ಗಲ್ಲ ಒಡೆದುಕೊಂಡ ದಿನ ನೆನೆಸಿಕೊಂಡ. ಸಕ್ಕರೆ ಡಬ್ಬಿ ಯಾವ ಕಪಾಟಿನಲ್ಲಿ ಎಂದು ಹೇಳಿದ. ಕಾಯಿಲೆಯವನ ಬಾಯಿಂದ ಸಕ್ಕರೆ ಡಬ್ಬಿಯ ಮಾತು ಕೇಳಿ ಅತ್ತ ಹೆಂಗಸು ಈ ತಾಲೂಕಿನಲ್ಲಿ ಅವಳೊಬ್ಬಳೇ ಇರಬೇಕು.

ಆಮೇಲೆ ಬೇರೆಯದೂ ಬರತೊಡಗಿತು. ಹಂದರಕ್ಕೆ ಒಳ್ಳೆಯದು ಕೆಟ್ಟದ್ದು ಎಂಬ ಭೇದವಿಲ್ಲ. ಯಾವ ರಜೆಯಲ್ಲಿ ಯಾವ ದಿನ ಅವಳು ಅವನ ತಟ್ಟೆಯನ್ನು ಅಂಗಳಕ್ಕೆ ಎಸೆದಳು, ಯಾವ ಮಾತಿಗೆ "ನೀವು ಬರೂದೇ ಬೇಡ, ಕಾಗದ ಬಂದ್ರೆ ಸಾಕು" ಎಂದಳು, ಎಲ್ಲ ಅವನಿಗೆ ನಿನ್ನೆ ನಡೆದಷ್ಟು ಸ್ಪಷ್ಟ. ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮಳೆ ಬಂತು ಎನ್ನುವಂತೆ ಹೇಳುತ್ತಿದ್ದ. ನಾಗವೇಣಿ ಅದನ್ನೂ ಹೊಟ್ಟೆಗೆ ಹಾಕಿಕೊಂಡಳು. ತನ್ನದೇ ಮಾತು, ತಾನೇ ನುಂಗಬೇಕು.

ಎರಡನೆಯ ತಿಂಗಳು ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಹಮ್ಮಣ್ಣ ಗಡ್ಡ ಬೋಳಿಸಿ, ತಲೆ ಬಾಚಿ, ಬೂಟು ಹಾಕಿ, ಚೀಲ ಕಟ್ಟಿ, ಬಾಗಿಲಿಗೆ ಮುಖ ಮಾಡಿ ಕುರ್ಚಿಯಲ್ಲಿ ಕೂತಿದ್ದ.

"ಎಲ್ಲಿಗೆ ಹೊರಟ್ರಿ?"

"ರಜೆ ಮುಗೀತಲ್ಲ. ಹೋಗೂಕದೆ."

"ಎಲ್ಲಿಗೆ ಅಂತ ಕೇಳ್ದೆ."

ಹಮ್ಮಣ್ಣ ಬಾಯಿ ತೆರೆದ. ತೆರೆದ ಬಾಯಿ ಹಾಗೆಯೇ ಉಳಿಯಿತು. ಎಲ್ಲಿಗೆ ಎನ್ನುವುದು ಅವನ ತಲೆಯೊಳಗೆ ಇರಲಿಲ್ಲ. "ಹೋಗೂಕದೆ," ಎಂದು ಮತ್ತೆ ಹೇಳಿ ಚೀಲದ ಪಟ್ಟಿ ಹಿಡಿದುಕೊಂಡ. ಮಧ್ಯಾಹ್ನದವರೆಗೂ ಹಾಗೆ ಕೂತು, ಅವಳು ಸ್ನಾನಕ್ಕೆ ಹೋದಾಗ ಎದ್ದು ಹೋಗಿಬಿಟ್ಟ. ಬಸ್ ಸ್ಟ್ಯಾಂಡಿನ ಕಂಟ್ರೋಲರ್ ಕರೆತಂದು ಬಿಟ್ಟರು. ಬಂದ ಬಸ್ಸಿಗೆಲ್ಲ ಹತ್ತಿ, ಇದು ಅಲ್ಲಿಗೆ ಹೋಗ್ತದಾ ಎಂದು ಕೇಳುತ್ತಿದ್ದನಂತೆ. ಎಲ್ಲಿಗೆ ಎಂದರೆ ಇಳಿಯುತ್ತಿದ್ದನಂತೆ. ಮರುದಿನವೂ ಅದೇ ಆಯಿತು. ಅದರ ಮರುದಿನವೂ.

ಪೂವಯ್ಯ ಬಂದದ್ದು ಅಂಥದೇ ಒಂದು ದಿನ. ಮಡಿಕೇರಿಯ ಕಡೆಯವನು, ಹಮ್ಮಣ್ಣನ ಜೊತೆ ಹನ್ನೆರಡು ವರ್ಷ ಒಂದೇ ಹಡಗಿನಲ್ಲಿದ್ದವನು. ಚಿಕಿತ್ಸೆ ಆಗಿದೆಯೆಂದು ಕೇಳಿ, ಒಂದು ಬಾಟಲಿ ಜೇನು ಹಿಡಿದು, ಹಳೆಯ ಗೆಳೆಯನ ಹೆಗಲು ತಟ್ಟುವ ಉತ್ಸಾಹದಲ್ಲಿ ಒಳಗೆ ಬಂದ.

"ಬನ್ನಿ, ಕೂತ್ಕಳ್ಳಿ," ಎಂದ ಹಮ್ಮಣ್ಣ. "ಯಾವ ಊರಾತು ನಿಮ್ದು?"

"ಹಮ್ಮಣ್ಣ, ನಾನು ಪೂವಯ್ಯ ಕಣೋ. ಹಡಗಲ್ಲಿ ನಿನ್ನ ಮೇಲಿನ ಬಂಕಲ್ಲಿ ಮಲಗ್ತಿದ್ದವನು."

"ಹೌದಾ? ಬೇಜಾರು ಮಾಡ್ಬೇಡಿ, ನಂಗೆ ಈಗ ಹೊರಡೂಕದೆ. ಚಾ ಕುಡ್ಕಂಡು ಹೋಗಿ."

ಪೂವಯ್ಯ ಚಹಾ ಕುಡಿಯಲಿಲ್ಲ. ಗೇಟಿನ ಹತ್ತಿರ ನಾಗವೇಣಿಯನ್ನು ಕರೆದು, ಇದನ್ನು ಮಾಡಿಸಿದ್ದು ಯಾರು ಎಂದು ಕೇಳಿದ. ನಾನು ಎಂದಳು.

"ಅತ್ತಿಗೆ, ಏನು ಕಳೆದ್ರಿ ಅಂತ ಗೊತ್ತಾ ನಿಮಗೆ?"

"ಹಡಗು. ಅದ್ರಿಂದ ನಂಗೆ ಎಂತ ಆಗೂದದೆ?"

"ನಾನು ಹೇಳೋ ಹಾಗಿಲ್ಲ. ಬಂಕಿನಲ್ಲಿ ಒಬ್ಬ ಆಡಿದ ಮಾತನ್ನ ಇನ್ನೊಬ್ಬ ಅವನ ಮನೆಯವರ ಕಿವಿಗೆ ಹಾಕೋದು ನಮ್ಮಲ್ಲಿಲ್ಲ. ಹಾಕಿದವನ ಜೊತೆ ಯಾರೂ ಊಟಕ್ಕೆ ಕೂರಲ್ಲ."

"ಅವ್ರಿಗೇ ನೆನಪಿಲ್ದ ಮೇಲೆ ಎಂತ ಪದ್ಧತಿ ನಿಮ್ದು?"

"ಅವನಿಗಿಲ್ಲ. ನನಗಿದೆಯಲ್ಲ." ಪೂವಯ್ಯ ಕಣ್ಣೊರೆಸಿಕೊಂಡ. "ಆ ಯಂತ್ರದವರು ಉಳಿಸಿಟ್ಟಿದ್ರೆ ಓದಿಸಿ ನೋಡಿ. ಯಂತ್ರ ನೇವಿಗೆ ಸೇರಿದ್ದಲ್ಲ, ಅದಕ್ಕೆ ನಮ್ಮ ಪದ್ಧತಿ ಇಲ್ಲ, ಹೇಳಬಹುದು."

ಒಂದು ಮಾತಿನಲ್ಲಿ ಮುಗಿಯಬಹುದಾಗಿದ್ದನ್ನು ಮುಗಿಸದೆ ಅವನು ಬಸ್ಸು ಹತ್ತಿ ಹೋದ. ಈ ಗಂಡಸರ ಮಾನ ಮರ್ಯಾದೆಗೆ ಬೆಂಕಿ ಬೀಳಲಿ ಎಂದು ನಾಗವೇಣಿ ಬೈದುಕೊಂಡಳು. ಆದರೆ ಎರಡು ದಿನ ಅವಳಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಮೇದಿನಿಯನ್ನು ಅಪ್ಪನ ಕಾವಲಿಗೆ ಕೂರಿಸಿ ಕಾರವಾರಕ್ಕೆ ಹೋದಳು.

ಡಾಕ್ಟರ್ ಹಾವನೂರ ಅವಳನ್ನು ಕೂರಿಸಿ ನೀರು ತರಿಸಿದರು. ಕಿವಿಯ ಹಿಂದಿನ ಬಿಲ್ಲೆ ಎರಡು ತಿಂಗಳು ಹಿಡಿದದ್ದೆಲ್ಲ ಅವರ ಬಳಿ ಇತ್ತು. ಉದುರುವ ನೆನಪಿನ ಕಿಡಿಗಳನ್ನು ಯಂತ್ರ ಮಾತಾಗಿ ಜೋಡಿಸುತ್ತದೆ, ಅರ್ಧಕ್ಕರ್ಧ ಸಿಕ್ಕುವುದಿಲ್ಲ.

"ಓದಲೇಬೇಕೇನ್ರಿ?" ಎಂದು ಕೇಳಿದರು.

"ನೀವು ಓದಿದ್ರಾ?"

"ಓದೀನ್ರಿ. ಅದಕ್ಕ ಕೇಳಾಕತ್ತೀನಿ."

ನಾಗವೇಣಿ ಕೈ ಚಾಚಿದಳು. ಹಾಳೆಗಳು ತುಂಬ ಇದ್ದವು. ಮೊದಲನೆಯದನ್ನು ಕನ್ನಡಕ ಒರೆಸಿಕೊಂಡು ಹಿಡಿದಳು.

"ವಾಚ್ ಡ್ಯೂಟಿ ಮುಗೀತು. ಬಂಕಲ್ಲಿ ಬಿದ್ಕಂಡೆ. ಈಗ ಮನೆಗೆ ಹೋಗೂದು. ಗೇಟಿನ ಕೊಂಡಿ ಮೆಲ್ಲಗೆ ಎತ್ತೂದು. ಮೆಟ್ಟಿಲು ಮೂರು. ಎರಡ್ನೇದು ಒಡ್ದದೆ. ವೇಣಿ ಒಳ್ಗೆ ಮೀನು ಕೊಯ್ತಾ ಕೂತಾಳೆ. ಮಾತಾಡ್ಸೂದು ಬೇಡ. ಎಡಗೈ ಮೊಣಕೈ ಹತ್ರ ಸುಟ್ಟ ಕಲೆ. ನೋಡ್ತಾ ನಿಲ್ಲೂದು..."

ಮುಂದಿನ ಹಾಳೆಯಲ್ಲೂ ಗೇಟು, ಮೂರು ಮೆಟ್ಟಿಲು. ಅದರ ಮುಂದಿನದರಲ್ಲೂ. ಬೇರೆ ಹಡಗು, ಬೇರೆ ಸಮುದ್ರ, ಅದೇ ಗೇಟು. ಕೆಲವು ಹಾಳೆಗಳಲ್ಲಿ ಅವನು ಒಳಗೆ ಹೋಗಿ ಮೇದಿನಿಯ ತೊಟ್ಟಿಲು ತೂಗುತ್ತಿದ್ದ. ಮಗುವಿಗೆ ಮೊದಲ ಹಲ್ಲು ಬಂದ ಸುದ್ದಿ ಫೋನಿನಲ್ಲಿ ಕೇಳಿದ ದಿನ ಎಂಜಿನ್ನಿನ ದಾಖಲೆ ಪುಸ್ತಕದ ಹಿಂದಿನ ಪುಟದಲ್ಲಿ ಒಂದು ಹಲ್ಲಿನ ಚಿತ್ರ ಬರೆದು ಬೈಸಿಕೊಂಡಿದ್ದ. ಪ್ರತಿದಿನ, ಪಾಳಿ ಮುಗಿಸಿ ಕಣ್ಣು ಮುಚ್ಚಿದ ಮೇಲೆ, ಮೂವತ್ತೊಂದರಲ್ಲಿ ಇಪ್ಪತ್ತೈದು ವರ್ಷ, ಅವನು ಮನೆಗೆ ಬಂದಿದ್ದ. ಅವಳಿಗೆ ಗೊತ್ತಾಗದ ಹಾಗೆ ಬಂದು, ನೋಡಿ, ನಿದ್ದೆ ಹೋಗಿದ್ದ. ಹಡಗಿನಲ್ಲಿ ಹುಟ್ಟಿದ್ದರಿಂದ ಅದೆಲ್ಲ ಹಡಗಿನ ಪಾಲಿಗೆ ಸೇರಿತ್ತು.

ಡಾಕ್ಟರ್ ಒಂದು ಹಾಳೆಯನ್ನು ಬೇರೆ ಇಟ್ಟಿದ್ದರು. ನಾಗವೇಣಿ ಅದನ್ನೂ ಕೇಳಿ ತೆಗೆದುಕೊಂಡಳು.

"ರಜೆಗೆ ಮೊದ್ಲೇ ಅರ್ಜಿ ಹಾಕ್ದೆ. ಹೆಂಡ್ತಿಗೆ ಆಪರೇಷನ್, ಹತ್ತು ದಿನ ಹೆಚ್ಚು ಬೇಕು. ಆಗೂದಿಲ್ಲ ಅಂದ್ರು. ಮತ್ತೊಂದು ಹಾಕ್ದೆ. ಇಲ್ಲ. ಮೂರನೇದು ಹರ್ದು ಕೈಗೆ ಕೊಟ್ರು. ಪೂವಯ್ಯ ಮನೆಗೆ ಹೇಳು ಅಂತಾನೆ. ಹೇಳೂದಿಲ್ಲ. ನಾ ಕೇಳ್ಲೇ ಇಲ್ಲ ಅಂದ್ಕಂಡ್ರೆ ವೇಣಿಗೆ ಸಿಟ್ಟು ಬರ್ತದೆ. ಕೇಳಿಯೂ ಸಿಗ್ಲಿಲ್ಲ ಅಂದ್ರೆ ಅಳ್ತಾಳೆ. ಸಿಟ್ಟೇ ಇರ್ಲಿ. ಸಿಟ್ಟಲ್ಲಿದ್ರೆ ಬೇಗ ಎದ್ದು ಓಡಾಡ್ತಾಳೆ."

ಅವಳು ಬೇಗ ಎದ್ದು ಓಡಾಡಿದ್ದಳು. ಸಿಟ್ಟಿನಲ್ಲೇ ಎದ್ದಿದ್ದಳು, ಆಪರೇಷನ್ ಮಾಡಿದ ಡಾಕ್ಟರು ಹೇಳಿದ್ದಕ್ಕಿಂತ ಎಂಟು ದಿನ ಮೊದಲು. ಆ ಸಿಟ್ಟನ್ನು ಆಮೇಲೆ ಯಾವತ್ತೂ ಕೆಳಗಿಳಿಸಿರಲಿಲ್ಲ.

"ಇದ್ನ ತಿರ್ಗಿ ಅವ್ರ ತಲೆಗೆ ಹಾಕೂಕೆ ಬರೂದಿಲ್ಲವಾ?"

"ಇಲ್ರಿ. ಓದಾಕ ಬರತೈತಿ, ನೆಡಾಕ ಬರೂದಿಲ್ಲ. ಮಿಂಚಿ ಹೋದ ಕೆಲಸ ಅದು."

ನಾಗವೇಣಿ ಹಾಳೆಗಳ ಅಂಚು ಸಮ ಮಾಡಿ ಮೇಜಿನ ಮೇಲಿಟ್ಟಳು. "ಮೂರನೇ ಸಲ ನಾ ಗುಳಿಗೆ ಕೊಟ್ಟಿರ್ಲಿಲ್ಲ," ಎಂದಳು.

"ಗೊತ್ತಿತ್ರಿ. ಅವತ್ತ ರಕ್ತದಾಗ ಕಂಡಿತ್ತು."

"ಮತ್ತೆ ಯಾಕೆ ಸುಮ್ನಾದ್ರಿ?"

"ನಾನು ಯಂತ್ರ ನೋಡಾಕಿ. ಇಪ್ಪತ್ತೈದು ವರ್ಷ ಸಂಸಾರ ಮಾಡಿದಾಕಿ ನೀವು. ಗಂಡನ ಮನಸಿನಾಗ ಏನೈತಿ ಅಂತ ನನಗಿಂತ ನಿಮಗ ಚಲೋ ಗೊತ್ತಿರತೈತಿ ಅನಕೊಂಡೆ."

ಆ ಮಾತಿನಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾಗವೇಣಿಗೆ ಒಂದಿಷ್ಟು ಸುಲಭವಾಗುತ್ತಿತ್ತು.

ಹೋಗುವ ಮೊದಲು, ಅವನು ದಿನಾ ಚೀಲ ಕಟ್ಟಿ ಕೂರುವ ವಿಷಯ ಕೇಳಿದಳು. ಉಳಿದ ಹರವಿನಲ್ಲಿ ಎಲ್ಲಕ್ಕಿಂತ ಗಟ್ಟಿಯಾದದ್ದು ರಜೆಯ ಕೊನೆಯ ದಿನ ಎಂದರು ಡಾಕ್ಟರ್. ಬೇರೆ ದಿನಗಳು ಒಂದೊಂದು ಒಂದೊಂದು ಥರ. ಆ ದಿನ ಮಾತ್ರ ಪ್ರತಿ ವರ್ಷವೂ ಒಂದೇ ನಮೂನೆ, ಗಡ್ಡ, ಬೂಟು, ಚೀಲ, ಬಾಗಿಲು. ಹಂದರ ಅದನ್ನೇ ಎಲ್ಲಕ್ಕಿಂತ ಬಿಗಿಯಾಗಿ ಹಿಡಿದಿದೆ, ನಿದ್ದೆಯಿಂದ ಎದ್ದಾಗಲೆಲ್ಲ ಅವನು ಅದರೊಳಗೇ ಏಳುತ್ತಾನೆ. ಮನೆಯಲ್ಲಿದ್ದಾಗ ಅವನ ಮನಸ್ಸು ಯಾವಾಗಲೂ ಹೊರಡುವುದರ ಮೇಲೇ ಇತ್ತು, ಅದು ಅವನ ತಪ್ಪಲ್ಲ, ಹಡಗಿನವರೆಲ್ಲ ಹಾಗೆಯೇ ಎಂದೂ ಹೇಳಿದರು. ಅಲ್ಲಿದ್ದಾಗ ಇಲ್ಲಿನ ಚಿಂತೆ, ಇಲ್ಲಿದ್ದಾಗ ಅಲ್ಲಿನದು. ರಜೆ ಮುಂದುವರಿದಿದೆ ಎಂದು ಹೇಳಿ ನೋಡಿ, ಆ ಒಂದು ದಿನಕ್ಕೆ ಸಮಾಧಾನವಾದೀತು ಎಂಬುದು ಅವರ ಸಲಹೆ.

ಬಾಯಲ್ಲಿ ಹೇಳಿದ್ದನ್ನು ಹಮ್ಮಣ್ಣ ಒಪ್ಪಲಿಲ್ಲ. ಮೂವತ್ತೊಂದು ವರ್ಷ ಸರಕಾರದ ಕೆಲಸ ಮಾಡಿದವನಿಗೆ ಕಾಗದ ಬೇಕು, ಕಾಗದದ ಮೇಲೆ ಅವತ್ತಿನ ತಾರೀಕು ಬೇಕು. ಒಂದು ತಿಂಗಳ ರಜೆಯ ಕಾಗದ ಕೊಟ್ಟು ನೋಡಿದಳು. ಅವತ್ತು ಸುಮ್ಮನಿದ್ದ, ಮರುದಿನ ಬೆಳಿಗ್ಗೆ ಮತ್ತೆ ಬೂಟು. ಹಾಗಾಗಿ ನಾಗವೇಣಿ ದಿನಾ ಬೆಳಿಗ್ಗೆ ಅವನು ಏಳುವ ಮೊದಲು ತನ್ನ ದುಂಡನೆಯ ಅಕ್ಷರದಲ್ಲಿ ಹೊಸದಾಗಿ ಬರೆಯುತ್ತಾಳೆ. ಮೂವತ್ತು ಪ್ರತಿ ಒಟ್ಟಿಗೆ ಅಚ್ಚು ಹಾಕಿಸಿ ಕೊಡುತ್ತೇನೆಂದು ಮೇದಿನಿ ಹೇಳಿದಳು. ನಾಗವೇಣಿ ಬೇಡವೆಂದಳು.

ಕಾಗದವನ್ನು ಕೈಗೆ ಕೊಟ್ಟಾಗ ಅವನ ಮುಖ ಇಳಿಯುತ್ತದೆ. ಅದನ್ನು ಅವಳು ದಿನಾ ನೋಡುತ್ತಾಳೆ. ಹೆಂಡತಿಯ ಜೊತೆ ಇನ್ನೊಂದು ದಿನ ಕಳೆಯಬೇಕಾಗಿ ಬಂದವನ ಮುಖ ಅದು. ಒಳ್ಳೆಯ ಮನುಷ್ಯ, ಅದನ್ನು ಮರೆಸಲು ಕೂಡಲೇ ನಗುತ್ತಾನೆ, ಚಹಾ ಕೇಳುತ್ತಾನೆ. ನಗುವ ಮೊದಲಿನ ಆ ಗಳಿಗೆಯನ್ನು ನೋಡದಿರಲು ಅವಳು ಒಂದೆರಡು ಸಲ ಕಾಗದವನ್ನು ಕುರ್ಚಿಯ ಮೇಲಿಟ್ಟು ಒಳಗೆ ಹೋದದ್ದುಂಟು. ಅದು ಸರಿಯಲ್ಲ ಅನ್ನಿಸಿತು. ಈಗ ಎದುರಿಗೇ ನಿಲ್ಲುತ್ತಾಳೆ.

ಇವತ್ತು ಬೆಳಿಗ್ಗೆ ಕಾಗದಕ್ಕೆ ಒಂದು ಮಾತು ಹೆಚ್ಚಿಗೆ ಸೇರಿಸಿದಳು. "ನಿಮ್ಮ ಅರ್ಜಿಯ ಮೇರೆಗೆ ರಜೆಯನ್ನು ಒಂದು ದಿನ ಮುಂದುವರಿಸಲಾಗಿದೆ." ಸೇರಿಸಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಅರ್ಜಿ ಹಾಕಿದ್ದ, ಮೂರು ಸಲ ಹಾಕಿದ್ದ. ಬರಬೇಕಾದ ಉತ್ತರ ಬರಲು ಸ್ವಲ್ಪ ತಡವಾಗಿತ್ತು, ಅಷ್ಟೇ.

ಹಮ್ಮಣ್ಣ ಅದನ್ನು ಎರಡು ಸಲ ಓದಿದ. ಮುಖ ಇಳಿಯಿತು. ಇವತ್ತು ನಗಲಿಲ್ಲ.

"ನನ್ನ ಅರ್ಜಿಯ ಮೇರೆಗೆ ಅಂತ ಬರ್ದದೆ. ನಾ ಎಲ್ಲಿ ಅರ್ಜಿ ಹಾಕಿದ್ದೆ?"

"ಹಾಕಿದ್ರಿ," ಎಂದಳು ನಾಗವೇಣಿ.

"ಯಾರೋ ತಪ್ಪು ಮಾಡಿದ್ದು. ರಜೆ ಹೆಚ್ಚು ಬೇಕು ಅಂತ ನಾ ಯಾವತ್ತೂ ಕೇಳ್ದವ ಅಲ್ಲ." ಅವನು ತಲೆಯೆತ್ತಿ ಅವಳನ್ನು ನೋಡಿದ. ಸಾಕ್ಷಿ ಹೇಳು ಎನ್ನುವಂತಿತ್ತು ನೋಟ. "ನಿಂಗೇ ಗೊತ್ತದೆಯಲ್ಲ, ವೇಣಿ. ನೀನೇ ಎಷ್ಟು ಸಲ ಹೇಳಿಲ್ಲ?"

"ಹೇಳಿದ್ದೆ," ಎಂದಳು ಅವಳು.

ಹಮ್ಮಣ್ಣ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಜೇಬಿನಲ್ಲಿಟ್ಟ. ಆಮೇಲೆ ಬಗ್ಗಿ, ಆದೇಶವಾದ ಮೇಲೆ ಮಾಡಲೇಬೇಕಲ್ಲ ಎಂಬಂತೆ, ಬೂಟಿನ ದಾರ ಬಿಚ್ಚತೊಡಗಿದ.